ಇನ್ನೂ ಮುಗೀಲಿಲ್ವಾ?

ಬರೆಯದೆ ತುಂಬಾ ದಿನ ಆಯ್ತು. ಬರೀಬೇಕು ಬರೀಬೇಕು ಅಂತ ಶುರು ಮಾಡಿ ಅರ್ಧಕ್ಕೆ ನಿಲ್ಲಿಸಿದ್ದೇ ನಾಲ್ಕೈದು ಉಂಟು. ಇವತ್ತಿನ ವಿಷಯವೂ ಅದೇ ಆದ್ದರಿಂದ ಇದನ್ನು ಮೊದಲೇ ಒಪ್ಪಿಕೊಂಡುಬಿಡ್ತೇನೆ :-)

ಮೊನ್ನೆ ಕಾರ್ಕಳದಲ್ಲಿ ದೊಡ್ಡ ಭಾವನ ಮನೆಯಲ್ಲಿ ಸತ್ಯನಾರಾಯಣ ಪೂಜೆ ಇತ್ತು. ದೊಡ್ಡ ಭಾವ ಅಂದರೆ ನಮ್ಮವರ ಅಣ್ಣ. ಒಳ್ಳೆಯ ಮನುಷ್ಯ, ಕೈಯೆತ್ತಿ ಕೊಡುವವರು, ಮಾತು ಮಾತ್ರ ಸ್ವಲ್ಪ ಜಾಸ್ತಿ. ಎರಡನೇ ಪಂಕ್ತಿ ಕೂತಿತ್ತು, ಸುಮಾರು ನಲವತ್ತು ಎಲೆ. ನಾನು ಸೆರಗು ಸಿಕ್ಕಿಸಿಕೊಂಡು ಪಾಯಸ ಬಡಿಸ್ತಾ ಬರ್ತಿದ್ದೆ. ಭಾವನ ಎಲೆಯ ಹತ್ತಿರ ಬಗ್ಗಿದ್ದೇ ತಡ, ಇಡೀ ಪಂಕ್ತಿಗೆ ಕೇಳುವ ಹಾಗೆ ಕೇಳಿದರು.

"ಹೌದಾ ಮಾರಾಯ್ತಿ, ನಮ್ಮ ಪುಟ್ಟನ ಸ್ವೆಟರ್ ಎಂತ ಆಯ್ತು? ಇನ್ನೂ ಮುಗೀಲಿಲ್ವಾ? ನೀನು ಶುರು ಮಾಡಿದ್ದು ಒಂದಾದರೂ ಮುಗಿಯುವುದುಂಟಾ? ಇಷ್ಟು ಹೊತ್ತಿಗೆ ನಮ್ಮ ಗೊಮ್ಮಟನನ್ನೇ ಕೆತ್ತಿ ನಿಲ್ಲಿಸ್ತಿದ್ರು!"

ಪಂಕ್ತಿ ಗೊಳ್ಳೆಂದು ನಕ್ಕಿತು. ನಾನೂ ನಕ್ಕೆ. ಬೇರೆ ಎಂತ ಮಾಡ್ಲಿಕ್ಕಾಗ್ತದೆ, ಕೈಯಲ್ಲಿ ಪಾಯಸದ ಪಾತ್ರೆ ಉಂಟು, ಮುಂದೆ ಇನ್ನೂ ಇಪ್ಪತ್ತೈದು ಎಲೆ ಉಂಟು. ನನ್ನಂಥವರಿಗೆ ಉತ್ತರ ಯಾವಾಗಲೂ ಬಸ್ಸಿನಲ್ಲೇ ಹೊಳೆಯುವುದು. ಉಡುಪಿಗೆ ವಾಪಸು ಬರುವಾಗ ಬೈಲೂರು ದಾಟಿದ ಮೇಲೆ ಒಂದು ಉತ್ತರ ಹೊಳೆಯಿತು, ಹಿರಿಯಡ್ಕ ಬರುವಾಗ ಇನ್ನೊಂದು, ಮಣಿಪಾಲದಲ್ಲಿ ಬಸ್ಸು ನಿಂತಾಗ ಮೂರನೆಯದ್ದು. ಅಷ್ಟನ್ನೂ ಇಲ್ಲಿ ಇಳಿಸ್ತಿದ್ದೇನೆ. ಭಾವ ಇದನ್ನು ಓದುವುದಿಲ್ಲ ಅನ್ನುವ ಧೈರ್ಯವೂ ಉಂಟು. ಓದಿದರೆ ಇನ್ನೂ ಒಳ್ಳೆಯದು.

ಮೊದಲು ಆರೋಪಿಯ ತಪ್ಪೊಪ್ಪಿಗೆ.

ಸ್ವೆಟರ್ ಮುಗಿದಿಲ್ಲ ಅನ್ನುವುದು ನಿಜ. ಶುರು ಮಾಡಿದಾಗ ಪುಟ್ಟ ಹುಟ್ಟಿರಲಿಲ್ಲ, ಅವನ ಅಮ್ಮನಿಗೆ ಏಳು ತಿಂಗಳು. ಅವರಿರುವುದು ಬೆಂಗಳೂರಿನಲ್ಲಿ, ಡಿಸೆಂಬರಿಗೆ ಚಳಿ ಇರ್ತದಲ್ಲ ಅಂತ ತಿಳಿಹಸಿರು ಉಲ್ಲನ್ ತಂದೆ. ಬೆನ್ನಿನ ಭಾಗ ಮುಗಿಯುವಾಗ ಮಗುವಿಗೆ ಹೆಸರಿಟ್ಟು ಆಗಿತ್ತು. ಎದುರಿನ ಭಾಗ ಮುಗಿಯುವಾಗ ಅವನು ಕೂರಲಿಕ್ಕೆ ಕಲಿತಿದ್ದ. ಅಳತೆ ಸಾಲದು ಅಂತ ಪೂರಾ ಬಿಚ್ಚಿ ದೊಡ್ಡ ಅಳತೆಗೆ ಶುರು ಮಾಡಿದೆ. ಅದು ಒಂದು ಹಂತಕ್ಕೆ ಬರುವಾಗ ಉಲ್ಲನ್ ಖಾಲಿ. ಅದೇ ಕಂಪೆನಿಯ ಅದೇ ಶೇಡ್ ನಂಬರಿನ ಉಂಡೆ ತಂದರೆ ಅದು ಬೇರೆ ಲಾಟ್. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಒಂದೇ ಬಣ್ಣ, ಮನೆಯ ಅಂಗಳದ ಬಿಸಿಲಿನಲ್ಲಿ ಒಂದು ಎಳೆ ಸೌತೆಕಾಯಿ, ಇನ್ನೊಂದು ಬಲಿತ ಸೌತೆಕಾಯಿ! ಪುನಃ ಬಿಚ್ಚಿದೆ. ಈಗ ಮುಂದೆ ಹಿಂದೆ ಎರಡೂ ಆಗಿದೆ, ಒಂದು ತೋಳು ಆಗಿದೆ. ಪುಟ್ಟನಿಗೆ ಮೂರೂವರೆ ವರ್ಷ. ಎರಡನೇ ತೋಳು ಕಡ್ಡಿಯಲ್ಲೇ ಇದೆ.

ಅದೊಂದೇ ಅಂದುಕೊಳ್ಳಬೇಡಿ. ಗಲ್ಫಿನಿಂದ ಯಾರೋ ತಂದುಕೊಟ್ಟ ಬಿಸ್ಕತ್ತಿನ ನೀಲಿ ಡಬ್ಬ ನಿಮ್ಮ ಮನೆಯಲ್ಲೂ ಇರ್ತದೆ, ಅದರಲ್ಲಿ ಬಿಸ್ಕತ್ತು ಬಿಟ್ಟು ಬೇರೆಲ್ಲ ಇರ್ತದೆ. ನಮ್ಮದರಲ್ಲಿ ಒಂದು ಕ್ರೋಶಾ ಟೇಬಲ್ ಕ್ಲಾತಿನ ಹನ್ನೊಂದು ಹೂವು ಉಂಟು, ಬೇಕಾದದ್ದು ನಲವತ್ತೆಂಟು. ಮಂಚದ ಕೆಳಗಿನ ಸೂಟ್‌ಕೇಸಿನಲ್ಲಿ ಕತ್ತರಿಸಿಟ್ಟ ಮೂರು ಬ್ಲೌಸ್ ಪೀಸು. ಅದರಲ್ಲೊಂದು ಕತ್ತರಿಸುವಾಗಿನ ನನ್ನ ಅಳತೆ ಈಗ ಇತಿಹಾಸ. ತೊಂಬತ್ತರ ದಶಕದ ಪ್ಲಾಸ್ಟಿಕ್ ವೈರಿನ ಬ್ಯಾಗು ಒಂದು, ಹಿಡಿಕೆಗೆ ಬಂದು ನಿಂತದ್ದು ಹಾಗೇ ಉಂಟು. ಇಷ್ಟಿದ್ದೂ ಹೋದ ತಿಂಗಳು ಉಡುಪಿಯಲ್ಲಿ ಹೊಸದಾಗಿ ಆರು ಉಂಡೆ ನೇರಳೆ ಉಲ್ಲನ್ ತಗೊಂಡೆ. ಯಾವುದಕ್ಕೆ ಅಂತ ಕೇಳಬೇಡಿ. ಬಣ್ಣ ಚಂದ ಇತ್ತು.

ಇದಕ್ಕೆ ನಮ್ಮ ಶಾಲೆಯದ್ದೂ ಸ್ವಲ್ಪ ಪಾಲುಂಟು. ನಮ್ಮ ಕಾಲದಲ್ಲಿ ಕ್ರಾಫ್ಟ್ ಪೀರಿಯಡ್ ಅಂತ ಇತ್ತು, ಹೊಲಿಗೆ ಟೀಚರ್ ಇದ್ದರು. ಅಂಗೈಯಗಲದ ಬಿಳಿ ಬಟ್ಟೆಯಲ್ಲಿ ಹೆಮ್ಮಿಂಗ್, ಇನ್ನೊಂದು ತುಂಡಿನಲ್ಲಿ ರನ್ನಿಂಗ್ ಸ್ಟಿಚ್, ಮತ್ತೊಂದರಲ್ಲಿ ಹೆರಿಂಗ್‌ಬೋನ್, ಲೇಜಿ ಡೈಸಿ, ಫ್ರೆಂಚ್ ನಾಟ್. ಎಲ್ಲವನ್ನೂ ರೆಕಾರ್ಡ್ ಪುಸ್ತಕಕ್ಕೆ ಅಂಟಿಸಿ ಕೊಟ್ಟರೆ ಮಾರ್ಕು. ವರ್ಷವಿಡೀ ಕಲಿತದ್ದು ತುಂಡುಗಳನ್ನೇ. ಪರೀಕ್ಷೆಗೊಂದು ಜಬಲಾ ಹೊಲಿದದ್ದು ಬಿಟ್ಟರೆ ಮೈಗೆ ಹಾಕುವ ಒಂದು ವಸ್ತ್ರವನ್ನು ನಾವು ಮುಗಿಸಿದ್ದೇ ಇಲ್ಲ. ಆ ಜಬಲಾ ಕೂಡ ಯಾವ ಮಗುವಿನ ಮೈಗೂ ಆಗುವ ಆಕಾರದಲ್ಲಿ ಇರಲಿಲ್ಲ ಅನ್ನುವುದು ಬೇರೆ ಮಾತು.

ಇನ್ನು ಊರಿನ ವಿಷಯ. ಉಡುಪಿಯಲ್ಲಿ ಕೂತು ಉಲ್ಲನ್ ಹೆಣೆಯುವುದೇ ಒಂದು ತಮಾಷೆ. ಏಪ್ರಿಲಿನ ಸೆಕೆಯಲ್ಲಿ ಬೆವರಿದ ಬೆರಳಿಗೆ ಉಲ್ಲನ್ ಅಂಟುತ್ತದೆ, ಕಡ್ಡಿಯ ಮೇಲೆ ಸ್ಟಿಚ್ ಜಾರುವುದೇ ಇಲ್ಲ, ಕಿರ್ ಕಿರ್ ಅನ್ನುತ್ತದೆ. ಮಡಿಲಲ್ಲಿ ಅರ್ಧ ಸ್ವೆಟರ್ ಇಟ್ಟುಕೊಂಡರೆ ಒಲೆ ಇಟ್ಟುಕೊಂಡ ಹಾಗೆ. ಜೂನಿನಿಂದ ಮಳೆ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನ ಆಸುಪಾಸು ಸುರಿಯುವ ಊರು ನಮ್ಮದು. ಕಪಾಟಿನೊಳಗೆ ಬಟ್ಟೆಗೆ ಬೂಷ್ಟು, ಮೆಷಿನ್ನಿನ ಸೂಜಿಗೆ ತುಕ್ಕು, ಬೆಲ್ಟು ಸಡಿಲ. ಹೆಣಿಗೆಯವರ ಇಂಗ್ಲಿಷಿನಲ್ಲಿ, ಹೆಣೆದದ್ದನ್ನು ಬಿಚ್ಚುವುದಕ್ಕೆ 'ಫ್ರಾಗಿಂಗ್' ಅಂತಾರಂತೆ. ಕಪ್ಪೆ ಕೂಗುವುದು ಅವರ ಕಿವಿಗೆ 'ರಿಪ್ ಇಟ್, ರಿಪ್ ಇಟ್' ಅಂದರೆ ಬಿಚ್ಚು ಬಿಚ್ಚು ಅಂತ ಕೇಳುತ್ತದೆ, ಅದಕ್ಕೆ. ಇದು ಗೊತ್ತಾದ ಮೇಲೆ ಮಳೆಗಾಲದ ರಾತ್ರಿ ನಮ್ಮ ಹಿತ್ತಲಿನ ಕಪ್ಪೆಗಳೆಲ್ಲ ನನಗೇ ಹೇಳುತ್ತಿವೆ ಅನ್ನಿಸ್ತದೆ.

ನನಗೆ ಹೆಣಿಗೆ ಕಲಿಸಿದ್ದು ಮಣಿಪಾಲದಲ್ಲಿದ್ದ ಒಬ್ಬರು ಪಂಜಾಬಿ ಆಂಟಿ. ನಾನು ಆಗಷ್ಟೇ ಅಲ್ಲಿ ಕೆಲಸಕ್ಕೆ ಸೇರಿದ್ದೆ. ಅವರು ಟಿವಿ ನೋಡ್ತಾ, ಕೈ ನೋಡದೆ, ಹತ್ತು ದಿನಕ್ಕೊಂದು ಸ್ವೆಟರ್ ಮುಗಿಸ್ತಿದ್ದರು. ಒಂದು ಸೀದಾ, ಒಂದು ಉಲ್ಟಾ. "ನೀವು ಹೇಗೆ ಇಷ್ಟು ಬೇಗ ಮುಗಿಸ್ತೀರಿ ಆಂಟಿ?" ಅಂತ ಕೇಳಿದ್ದೆ. ಲುಧಿಯಾನದಲ್ಲಿ ನವೆಂಬರ್ ಬಂದರೆ ಚಳಿ ಬಂದೇ ಬರ್ತದೆ, ಮಗುವಿಗೆ ಸ್ವೆಟರ್ ಇಲ್ಲದಿದ್ದರೆ ಆಗುವುದಿಲ್ಲ, ಹಾಗೆ ಮುಗಿಸಿ ಅಭ್ಯಾಸ ಅಂದರು. ಅವರಿಗೆ ಚಳಿಯೇ ಗಡುವು. ನಮ್ಮ ಉಡುಪಿಯ ಚಳಿ ಅಂದರೆ ಜನವರಿಯಲ್ಲಿ ಬೆಳಿಗ್ಗೆ ಆರೂವರೆಗೆ ಫ್ಯಾನನ್ನು ಒಂದು ಪಾಯಿಂಟ್ ಕಡಿಮೆ ಮಾಡುವುದು. ಎಂಟು ಗಂಟೆಗೆ ಮುಗೀತು. (ಹಾಗಿದ್ದೂ ನಮ್ಮಲ್ಲಿ ಏಪ್ರಿಲಿನಲ್ಲಿ ಹುಟ್ಟಿದ ಕೂಸಿಗೂ ಉಲ್ಲನ್ ಟೊಪ್ಪಿ ಹಾಕುವ ಅಜ್ಜಿಯರಿದ್ದಾರೆ. ಆ ಟೊಪ್ಪಿ ಹೆಣೆದವಳಾಗಿ ಆ ಕೂಸುಗಳಲ್ಲಿ ಕ್ಷಮೆ ಕೇಳ್ತೇನೆ.)

ಇಲ್ಲಿವರೆಗೆ ನನ್ನ ತಪ್ಪು. ಇನ್ನು ಭಾವನ ಮಾತಿಗೆ ಬರ್ತೇನೆ.

ಬಸ್ಸಿನಲ್ಲಿ ಕೂತು ಲೆಕ್ಕ ಹಾಕಿದೆ. ಪುಟ್ಟನ ಈಗಿನ ಅಳತೆಗೆ ಎದುರಿನ ಭಾಗ 72 ಸ್ಟಿಚ್, 96 ಸಾಲು. ಗುಣಿಸಿದರೆ 6,912. ಹಿಂದಿನದ್ದೂ ಅಷ್ಟೇ. ತೋಳಿಗೆ ಸರಾಸರಿ 48 ಸ್ಟಿಚ್, 80 ಸಾಲು. ಎರಡು ತೋಳಿಗೆ 7,680. ಒಟ್ಟು 21,504 ಸ್ಟಿಚ್. ನನ್ನ ಕೈ ನಿಮಿಷಕ್ಕೆ 25 ಸ್ಟಿಚ್ ಓಡುತ್ತದೆ ಅಂತ ಇಟ್ಟುಕೊಳ್ಳಿ. ಎದ್ದು ಹೋಗದೆ ಕೂತರೆ 14 ಗಂಟೆ 20 ನಿಮಿಷ. ಒಂದೂ ಸ್ಟಿಚ್ ಬೀಳಬಾರದು, ಕುಕ್ಕರ್ ಕೂಗಬಾರದು, ಯಾರೂ "ನನ್ನ ನೀಲಿ ಶರ್ಟ್ ಎಲ್ಲಿ?" ಅಂತ ಕೇಳಬಾರದು. ಕಡೆಗೆ ನಾಲ್ಕು ಭಾಗ ಜೋಡಿಸಿ, ಕಾಲರ್ ಎತ್ತಿ, ಉಳಿದ ದಾರದ ತುದಿಗಳನ್ನು ಒಳಗೆ ಸೇರಿಸುವುದು ಬೇರೆ.

ಅಂದರೆ ಎರಡು ದಿನದ ಕೆಲಸ. ಎರಡು ದಿನದ ಕೆಲಸಕ್ಕೆ ಮೂರೂವರೆ ವರ್ಷವಾ ಅಂತ ಭಾವ ಕೇಳಬಹುದು. ಕೇಳಬೇಕಾದದ್ದೇ ಆ ಪ್ರಶ್ನೆ ಮಾರಾಯ್ರೆ! ಆ ಹದಿನಾಲ್ಕು ಗಂಟೆ ಎಲ್ಲಿ ಹೋಯಿತು?

ಕೇಂದ್ರ ಸರ್ಕಾರದ ಅಂಕಿ ಅಂಶದವರು 2024ರಲ್ಲಿ ಸಮಯ ಬಳಕೆಯ ಸಮೀಕ್ಷೆ ಮಾಡಿದ್ದಾರೆ. ದಿನದ 24 ಗಂಟೆಯನ್ನು ಯಾರು ಹೇಗೆ ಕಳೆಯುತ್ತಾರೆ ಅಂತ. ಮನೆಗೆಲಸ ಮಾಡುವ ಹೆಂಗಸರು ಸಂಬಳವಿಲ್ಲದ ಆ ಕೆಲಸಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಹಾಕುತ್ತಾರೆ. ಮನೆಗೆಲಸ ಮಾಡುವ ಗಂಡಸರು 88 ನಿಮಿಷ. ಮಾಡದ ಗಂಡಸರು ಈ ಲೆಕ್ಕದಲ್ಲೇ ಇಲ್ಲ, ನೆನಪಿರಲಿ. ಎರಡರ ನಡುವಿನ ವ್ಯತ್ಯಾಸ 201 ನಿಮಿಷ. ದಿನಕ್ಕೆ ಆ 201 ನಿಮಿಷ ನನ್ನ ಕೈಗೆ ಬಂದರೆ ಪುಟ್ಟನ ಸ್ವೆಟರ್ ನಾಲ್ಕೂಕಾಲು ದಿನದಲ್ಲಿ ಮುಗಿಯುತ್ತದೆ. ಐದನೇ ದಿನ ಟೊಪ್ಪಿ ಶುರು ಮಾಡಬಹುದು.

ನಾನು ಹೇಳುವುದು ಇಷ್ಟೇ. ನನ್ನ ಹೆಣಿಗೆ ಸಮಯದಿಂದ ಆದದ್ದಲ್ಲ, ಸಮಯದ ಚೂರಿನಿಂದ ಆದದ್ದು. ಅನ್ನ ಬೇಯುವವರೆಗೆ ಎರಡು ಸಾಲು. ಉಡುಪಿ ಮಣಿಪಾಲ ಬಸ್ಸಿನಲ್ಲಿ ಸೀಟು ಸಿಕ್ಕಿದರೆ ನಾಲ್ಕು ಸಾಲು. (ಇಂದ್ರಾಳಿ ರೈಲ್ವೆ ಸೇತುವೆಯ ಕೆಲಸ ನಡೆಯುತ್ತಿದ್ದ ವರ್ಷಗಳಲ್ಲಿ ನನ್ನ ಹೆಣಿಗೆ ಒಳ್ಳೆಯ ಪ್ರಗತಿ ಕಂಡಿತ್ತು. ಒಂದು ತೋಳಿಗೆ ನಾನು ಆ ಟ್ರಾಫಿಕ್ ಜಾಮಿಗೇ ಋಣಿ.) ಅಕ್ಕಿ ನೆನೆಯುವವರೆಗೆ, ಮಗ ಟ್ಯೂಶನ್ನಿನಿಂದ ಬರುವವರೆಗೆ, ಅತ್ತೆಯ ಮಾತ್ರೆಯ ಹೊತ್ತು ಆಗುವವರೆಗೆ. ಉಳಿದದ್ದರಲ್ಲಿ ಉಳಿದದ್ದು. ಇಂಥ ಚೂರುಗಳನ್ನು ಜೋಡಿಸಿದವಳನ್ನು ಹಿಡಿದು, ಊಟದ ಎಲೆಯ ಮುಂದೆ ಕೂತವರೊಬ್ಬರು, ಅವರಿಗೇ ಬಡಿಸುತ್ತಿರುವ ಹೊತ್ತಿನಲ್ಲಿ "ಇನ್ನೂ ಮುಗೀಲಿಲ್ವಾ" ಅಂತ ಕೇಳುವುದು ಇದೆಯಲ್ಲ... ಅದಕ್ಕೆ ನಗಬೇಕೋ ಅಳಬೇಕೋ ಅಂತ ನನಗೆ ಹಿರಿಯಡ್ಕದವರೆಗೂ ಗೊತ್ತಾಗಲಿಲ್ಲ.

ದಿನಕ್ಕೆ ಎರಡು ಸಾಲು ಅಂದರೆ ಎಂತದ್ದು, ಅದು ಲೆಕ್ಕಕ್ಕುಂಟಾ ಅನ್ನುವವರಿಗೆ ನಮ್ಮ ಊರಿನದ್ದೇ ಒಂದು ಕಥೆ ನೆನಪಿಸ್ತೇನೆ. 1925ರಲ್ಲಿ ಉಡುಪಿಯಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ, ಡಾ. ಟಿ.ಎಂ.ಎ. ಪೈ ಸೇರಿ ಒಂದು ಬ್ಯಾಂಕು ಶುರು ಮಾಡಿದರು. ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಅಂತ ಹೆಸರು. ಆಮೇಲೆ ಸಿಂಡಿಕೇಟ್ ಬ್ಯಾಂಕ್ ಆಯಿತು, 2020ರ ಏಪ್ರಿಲ್ 1ಕ್ಕೆ ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ಅದನ್ನು ಶುರು ಮಾಡಿದ್ದು ಯಾರಿಗೋಸ್ಕರ ಗೊತ್ತುಂಟಾ? ಕೈಮಗ್ಗ ಬಿದ್ದುಹೋಗಿ ಕಷ್ಟದಲ್ಲಿದ್ದ ನಮ್ಮ ಕರಾವಳಿಯ ನೇಕಾರರಿಗೋಸ್ಕರ. 1928ರಲ್ಲಿ ಅವರು ಪಿಗ್ಮಿ ತಂದರು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು, ಏಜೆಂಟರು ಮನೆ ಬಾಗಿಲಿಗೇ ಬಂದು ತಗೊಂಡು ಹೋಗ್ತಾರೆ. ನಾನು ಚಿಕ್ಕವಳಿರುವಾಗ ನಮ್ಮ ಕಾಪುವಿನ ಮನೆಗೂ ಸಂಜೆ ಪಿಗ್ಮಿಯವರು ಬರ್ತಿದ್ದರು. ಅಮ್ಮ ಸಾಸಿವೆ ಡಬ್ಬದಿಂದ ಚಿಲ್ಲರೆ ತೆಗೆದು ಕೊಡುತ್ತಿದ್ದರು. ಯಾರೂ ಅಮ್ಮನನ್ನು "ಇನ್ನೂ ಲಕ್ಷ ಆಗಲಿಲ್ವಾ?" ಅಂತ ಕೇಳಿದ್ದು ನನಗೆ ನೆನಪಿಲ್ಲ. ದಿನದ ಎರಡಾಣೆ ಉಳಿತಾಯ, ದಿನದ ಎರಡು ಸಾಲು ಸೋಮಾರಿತನ. ಇದು ಯಾವ ನ್ಯಾಯ?

ನನ್ನ ಸ್ವೆಟರಿನ ಸಾಲು ಒಟ್ಟು 352. ದಿನಕ್ಕೆ ಎರಡರ ಹಾಗೆ 176 ದಿನ. ಪಿಗ್ಮಿಗೆ ಹೋಲಿಸಿದರೆ ಒಂದೇ ವ್ಯತ್ಯಾಸ, ಈ ಅಕೌಂಟಿನಿಂದ ಮನೆಯವರೆಲ್ಲ ದಿನಾ ಡ್ರಾ ಮಾಡ್ತಾರೆ.

ಎರಡನೇ ಉತ್ತರ ಕಾಪುವಿನದ್ದು. ನನ್ನ ತವರು ಅಲ್ಲಿ, ಕಡಲಿಗೆ ಹತ್ತಿರ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ರಜೆ ಅಲ್ವಾ, ಆಗ ಬಲೆ ರಿಪೇರಿ ನಡೆಯುತ್ತದೆ. ಶೆಡ್ಡಿನಲ್ಲಿ ಗಂಡಸರು ಸಾಲಾಗಿ ಕೂತು, ಕಾಲ ಹೆಬ್ಬೆರಳಿಗೆ ಬಲೆ ಸಿಕ್ಕಿಸಿಕೊಂಡು, ನೈಲಾನ್ ದಾರ ಸುತ್ತಿದ ಚಪ್ಪಟೆ ಸೂಜಿಯಲ್ಲಿ ಗಂಟು ಹಾಕ್ತಾ ಹೋಗ್ತಾರೆ. ಒಂದೊಂದು ಕಣ್ಣಿನ ಅಳತೆ ತಪ್ಪಬಾರದು. ಒಂದು ಕಣ್ಣು ಬಿಟ್ಟುಹೋದರೆ ಅಲ್ಲಿಂದಲೇ ಹರಿಯುತ್ತದೆ. ಎಷ್ಟು ನೋಡಿದರೂ ಅದು ನನ್ನ ಕ್ರೋಶಾದ ಅಣ್ಣನೇ.

ಒಂದು ಸಲ ಮಳೆ ಬಿಟ್ಟಾಗ ಅಲ್ಲಿ ಹೋಗಿ, ಒಂದು ಬದಿಯಲ್ಲಿ ನಾನೂ ಉಲ್ಲನ್ ತೆಗೆದು ಕೂತಿದ್ದೆ. ಪಕ್ಕದಲ್ಲಿದ್ದ ಅಜ್ಜ ಒಬ್ಬರು ಸ್ವಲ್ಪ ಹೊತ್ತು ನೋಡಿ ತುಳುವಿನಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಬರೀತೇನೆ: "ಮಗಾ, ಆರು ಸಾಲು ಕೆಳಗೆ ಒಂದು ಬಿಟ್ಟು ಹೋಗಿದೆ ನೋಡು." ಹೌದು, ಹೋಗಿತ್ತು! ಕನ್ನಡಕ ಹಾಕಿದ ನನಗೆ ಕಾಣದ್ದು ಅವರಿಗೆ ಕಂಡಿತ್ತು. ಮಾತಿಗೆ ಮಾತು ಬಂತು, "ಅಜ್ಜ, ಈ ಬಲೆ ಯಾವಾಗ ಮುಗೀತದೆ?" ಅಂತ ಕೇಳಿದೆ. ಅವರಿಗೆ ಪ್ರಶ್ನೆಯೇ ಅರ್ಥ ಆಗಲಿಲ್ಲ. "ಮುಗಿಯುವುದೆಂತ ಮಗಾ? ಹರಿದದ್ದನ್ನು ಕಟ್ಟುವುದು, ಪುನಃ ಹರಿಯುವುದು, ಪುನಃ ಕಟ್ಟುವುದು."

ಆ ಶೆಡ್ಡಿಗೆ ಬಂದು ಯಾರೂ "ಟೈಂಪಾಸಾ?" ಅಂತ ಕೇಳುವುದಿಲ್ಲ. ಕೇಳಲೂಬಾರದು, ಅದು ಹೊಟ್ಟೆಪಾಡು. ಆದರೆ ಅದೇ ಗಂಟು, ಅದೇ ಲೆಕ್ಕ, ಅದೇ ಬೆನ್ನು ನೋವು ಮನೆಯೊಳಗೆ ಹೆಂಗಸರ ಮಡಿಲಲ್ಲಿ ಆದಾಗ ಅದಕ್ಕೆ ಟೈಂಪಾಸ್ ಅಂತ ಹೆಸರು ಬಂದದ್ದು ಹೇಗೆ? ಟೈಮೇ ಇಲ್ಲದವಳಿಗೆ ಪಾಸ್ ಮಾಡ್ಲಿಕ್ಕೆ ಟೈಮ್ ಎಲ್ಲಿಂದ?

ಟೈಂಪಾಸ್ ಅಂತ ಹೆಸರಿಟ್ಟ ಕೂಡಲೇ ಇನ್ನೊಂದು ಅನುಕೂಲ ಉಂಟು. ದುಡ್ಡು ಕೊಡಬೇಕಾಗಿಲ್ಲ. ಪರಿಚಯದವರೊಬ್ಬರು ಮಗಳ ಬಾಣಂತನಕ್ಕೆ ಅಂತ ಒಂದು ಸೆಟ್ ಕೇಳಿದರು. ಸ್ವೆಟರ್, ಟೊಪ್ಪಿ, ಕಾಲುಚೀಲ. "ಉಲ್ಲನಿನ ದುಡ್ಡು ನಾನೇ ಕೊಡ್ತೇನೆ ಆಯ್ತಾ" ಅಂದರು, ದೊಡ್ಡ ಔದಾರ್ಯದಲ್ಲಿ. ಹಾಗಾದರೆ ಕೈಯದ್ದು? ನಾನು ಧೈರ್ಯ ಮಾಡಿ ಕೇಳಿದೆ. ಅವರ ಮುಖ ನೋಡಬೇಕಿತ್ತು. "ಅಷ್ಟಕ್ಕೆ ಆನ್‌ಲೈನಲ್ಲಿ 399ಕ್ಕೆ ರೆಡಿಮೇಡೇ ಸಿಗ್ತದಲ್ಲ!" ಅಂದರು. 2025-26ರಲ್ಲಿ ನಮ್ಮ ರಾಜ್ಯದಲ್ಲಿ ನರೇಗಾದ ಕೂಲಿ ದಿನಕ್ಕೆ 370 ರೂಪಾಯಿ. ಎರಡು ದಿನದ ಕೂಲಿ 740. ನಾನು ಅದಕ್ಕಿಂತ ಒಂದು ಪೈಸೆ ಹೆಚ್ಚು ಕೇಳಿರಲಿಲ್ಲ. ಈಗ ಅವರು ರಥಬೀದಿಯಲ್ಲಿ ಸಿಕ್ಕಿದರೆ ಮಾತಾಡುವುದಿಲ್ಲ, ದೇವಸ್ಥಾನದ ಕಡೆಗೆ ಭಕ್ತಿಯಿಂದ ನೋಡ್ತಾರೆ. ಅಷ್ಟು ವರ್ಷದ ಪರಿಚಯ ಹೋಯಿತು. ಬೇಸರ ಉಂಟು, ಆದರೆ ಕೇಳಿದ್ದಕ್ಕೆ ಬೇಸರ ಇಲ್ಲ.

"ಅಷ್ಟಕ್ಕೆ ಅಂಗಡಿಯಲ್ಲಿ ಸಿಗ್ತದೆ." ಈ ಒಂದು ಮಾತು ಎಷ್ಟು ಮಗ್ಗಗಳನ್ನು ನಿಲ್ಲಿಸಿತು ಅಂತ ನೋಡಲಿಕ್ಕೆ ದೂರ ಹೋಗಬೇಕಾಗಿಲ್ಲ. ನಮ್ಮ ಅಜ್ಜಿ ಉಡುತ್ತಿದ್ದದ್ದು ಉಡುಪಿ ಸೀರೆ. ಒಂಟಿ ಎಳೆಯ ಹತ್ತಿ ನೂಲು, ಗಂಜಿ ಹಾಕಿ ನೇಯ್ದದ್ದು, ನಮ್ಮ ಸೆಕೆಗೆ ಹೇಳಿ ಮಾಡಿಸಿದ ಹಾಗೆ. ಪವರ್‌ಲೂಮಿನದ್ದು ಕಡಿಮೆಗೆ ಸಿಕ್ಕಿತು, ಇಸ್ತ್ರಿ ಬೇಡದ ಸಿಂಥೆಟಿಕ್ ಬಂತು, ನಾವೆಲ್ಲ ಅದನ್ನೇ ತಗೊಂಡೆವು. ನಾನೂ ತಗೊಂಡೆ, ಸುಳ್ಳು ಹೇಳುವುದಿಲ್ಲ. ನೇಕಾರರು ಒಬ್ಬೊಬ್ಬರಾಗಿ ಮಗ್ಗ ಬಿಟ್ಟು ಬೇರೆ ಕೆಲಸಕ್ಕೆ ಹೋದರು, ಮಕ್ಕಳು ಕಲಿಯಲಿಲ್ಲ. 2016ರಲ್ಲಿ ಉಡುಪಿ ಸೀರೆಗೆ ಜಿಐ ಮಾನ್ಯತೆ ಬಂತು, ಆದರೆ ಅಷ್ಟು ಹೊತ್ತಿಗೆ ನೇಯುವ ಕೈಗಳು ಬೆರಳೆಣಿಕೆಗೆ ಬಂದಿದ್ದವು. ಆಮೇಲೆ ಕೆಲಸ ಮಾಡಿದ್ದು ಭಾವನ ಊರಿನದ್ದೇ ಕದಿಕೆ ಟ್ರಸ್ಟ್. ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಂಘದ ಜೊತೆ ಸೇರಿ ಮಗ್ಗಗಳನ್ನು ಪುನಃ ಓಡಿಸಿದರು, ಹೊಸಬರಿಗೆ ಕಲಿಸಿದರು. ನನಗೆ ತುಂಬಾ ಹಿಡಿಸಿದ್ದು ಒಂದು ಸಣ್ಣ ಸಂಗತಿ. ಸೀರೆಯ ಜೊತೆಗೆ ಅದನ್ನು ನೇಯ್ದವರ ಹೆಸರು, ಫೋಟೋ ಇಟ್ಟರು. ಕೈಗೆ ಒಂದು ಮುಖ ಉಂಟು ಅಂತ ಗೊತ್ತಾದ ಮೇಲೆ ಚೌಕಾಶಿ ಮಾಡುವಾಗ ನಾಲಿಗೆ ಸ್ವಲ್ಪ ತಡೆಯುತ್ತದೆ.

ನನ್ನ ಅರ್ಧ ಸ್ವೆಟರನ್ನು ನೇಕಾರರ ದುಡಿಮೆಯ ಪಕ್ಕ ಇಡುವುದು ಸರಿಯಲ್ಲ, ಗೊತ್ತುಂಟು. ನನಗೆ ಆಫೀಸಿನ ಸಂಬಳ ಬರ್ತದೆ. ಅವರು ಅರ್ಧಕ್ಕೆ ನಿಲ್ಲಿಸಿದರೆ ಆ ದಿನದ ಅಕ್ಕಿ ಇಲ್ಲ. ಆದರೆ ಆಚೆ ಮನೆಯ ಹುಡುಗಿ ಸೀರೆಗೆ ಕುಚ್ಚು ಕಟ್ಟುತ್ತಾಳೆ, ಫಾಲ್ಸ್ ಹೊಲಿಯುತ್ತಾಳೆ, ಗಂಟೆಗಟ್ಟಲೆ ಕೂತು. ಹತ್ತು ಸಾವಿರದ ಸೀರೆ ತರುವವರು ಅವಳ ಹತ್ತಿರ ಐವತ್ತು ರೂಪಾಯಿಗೆ ಜಗಳ ಮಾಡುವುದನ್ನು ನಾನು ಕಿಟಕಿಯಿಂದ ಕೇಳಿದ್ದೇನೆ. "ಮನೆಯಲ್ಲೇ ಕೂತು ಮಾಡುವುದಲ್ವಾ?" ಅಂತಾರೆ. ಪಂಕ್ತಿಯಲ್ಲಿ ನನ್ನನ್ನು ನೋಡಿ ನಕ್ಕದ್ದೂ ಇದೂ ಒಂದೇ ಉಂಡೆಯ ದಾರ. ಒಂದು ತುದಿ ನಗೆ, ಇನ್ನೊಂದು ತುದಿ ಐವತ್ತು ರೂಪಾಯಿ.

ಇನ್ನು ಗೊಮ್ಮಟ. ಭಾವ ಸ್ವತಃ ತೆಗೆದ ಮಾತು, ಬಿಡುವ ಹಾಗಿಲ್ಲ. 42 ಅಡಿಯ ಏಕಶಿಲೆ, 1432ರಲ್ಲಿ ನಿಲ್ಲಿಸಿದ್ದು ಭೈರರಸ ವೀರಪಾಂಡ್ಯ. ಆದರೆ ಅರಸ ಕೆತ್ತಲಿಲ್ಲವಷ್ಟೆ, ಕೆತ್ತಿಸಿದ್ದು. ಕೆತ್ತುವವರ ಊಟ, ಬಟ್ಟೆ, ಮಕ್ಕಳು, ನೆಂಟರು ಎಲ್ಲವನ್ನೂ ಯಾರೋ ನೋಡಿಕೊಂಡರು. ಶಿಲ್ಪಿ ಉಳಿ ಹಿಡಿದಿರುವಾಗ ನಡುವೆ ಯಾರೂ ಬಂದು "ಸ್ವಲ್ಪ ಒಗ್ಗರಣೆ ಹಾಕಿ ಬಾ" ಅಂದಿರಲಿಕ್ಕಿಲ್ಲ.

ಮತ್ತೆ ಭಾವನ ಮನೆ! ಮಣಿಪಾಲದಲ್ಲಿ ಬಸ್ಸು ನಿಂತಾಗ ಹೊಳೆದದ್ದು ಇದೇ, ಆಗ ಒಬ್ಬಳೇ ನಕ್ಕದ್ದಕ್ಕೆ ಪಕ್ಕದ ಸೀಟಿನ ಹುಡುಗಿ ಸ್ವಲ್ಪ ಸರಿದು ಕೂತಳು. ಪೂಜೆಯ ದಿನ ಒಗೆದ ಬಟ್ಟೆ ಒಣಹಾಕಲಿಕ್ಕೆ ನಾನು ಅವರ ಟೆರೇಸಿಗೆ ಹೋಗಿದ್ದೆ. ಅಲ್ಲಿ ನಾಲ್ಕೂ ಮೂಲೆಯಲ್ಲಿ ಕಬ್ಬಿಣದ ಸರಳುಗಳು ಆಕಾಶಕ್ಕೆ ಎದ್ದು ನಿಂತಿವೆ. ಎರಡನೇ ಮಾಳಿಗೆಗೆ ಅಂತ ಬಿಟ್ಟದ್ದು. ಒಂಬತ್ತು ವರ್ಷ ಆಯ್ತು. ತುಕ್ಕು ಹಿಡಿದು ಕೆಂಪಾಗಿವೆ, ಒಂದಕ್ಕೆ ಪ್ಲಾಸ್ಟಿಕ್ ಬಾಟಲಿ ಕವುಚಿ ಹಾಕಿದ್ದಾರೆ, ಇನ್ನೆರಡರ ನಡುವೆ ಬಟ್ಟೆ ಒಣಗಿಸುವ ಹಗ್ಗ. ಅದಕ್ಕೆ ಯಾರೂ ಅರ್ಧಕ್ಕೆ ನಿಂತದ್ದು ಅನ್ನುವುದಿಲ್ಲ. ಅದಕ್ಕೆ "ಮುಂದಿನ ಪ್ಲಾನ್" ಅಂತ ಹೆಸರು. ನನ್ನ ಕಡ್ಡಿಯಲ್ಲಿ ನಿಂತದ್ದು ಸೋಮಾರಿತನ, ಭಾವನ ಟೆರೇಸಿನಲ್ಲಿ ನಿಂತದ್ದು ದೂರದೃಷ್ಟಿ!

ಅದೃಷ್ಟಕ್ಕೆ ಆವತ್ತು ಬಟ್ಟೆಯ ಫೋಟೋ ತೆಗೆದಿದ್ದೆ, ಯಾವುದೋ ಸೀರೆಯ ಬಣ್ಣ ಚಂದ ಕಂಡಿತು ಅಂತ. ಅದರಲ್ಲಿ ಸರಳೂ ಬಂದಿತ್ತು. ಮನೆಗೆ ಬಂದು ಕಾಲು ತೊಳೆದು, ಚಾ ಕುಡಿದು, ಎರಡು ಸಲ ಯೋಚನೆ ಮಾಡಿ, ಆ ಫೋಟೋವನ್ನು ಕುಟುಂಬದ ವಾಟ್ಸಾಪ್ ಗ್ರೂಪಿಗೆ ಹಾಕಿ ಕೆಳಗೆ ಬರೆದೆ: "ಇನ್ನೂ ಮುಗೀಲಿಲ್ವಾ ಭಾವ? :-)"

ನಮ್ಮವರು ಒಳಗಿಂದ ಓಡಿ ಬಂದರು. "ಎಂತದ್ದು ಮಾರಾಯ್ತಿ ಇದು, ಅಣ್ಣನಿಗೆ ಹಾಗೆಲ್ಲ ಹೇಳುವುದಾ?" ಅಂದರು. ಆಮೇಲೆ ಅಡುಗೆಮನೆಗೆ ಹೋಗಿ ಒಬ್ಬರೇ ನಗುವುದು ಕೇಳಿಸಿತು. ಎರಡು ನೀಲಿ ಟಿಕ್ ಬಿತ್ತು. ಭಾವನಿಂದ ಉತ್ತರ ಇಲ್ಲ. ಗ್ರೂಪಿನಲ್ಲಿ ಇಡೀ ಸಂಜೆ ಯಾರೂ ಉಸಿರೆತ್ತಲಿಲ್ಲ, ಗುಡ್ ನೈಟ್ ಮೆಸೇಜು ಕೂಡ ಬರಲಿಲ್ಲ.

ರಾತ್ರಿ ಹತ್ತೂವರೆಗೆ ಅಕ್ಕನ ವಾಯ್ಸ್ ಮೆಸೇಜ್ ಬಂತು, ಗ್ರೂಪಿಗಲ್ಲ, ನನಗೊಬ್ಬಳಿಗೆ. ಅಕ್ಕ ಅಂದರೆ ಭಾವನ ಹೆಂಡತಿ. ಪಿಸುಮಾತಿನಲ್ಲಿ ಹೇಳಿದ್ದರು, ಹಿಂದಿನಿಂದ ಭಾವನ ಗೊರಕೆ ಕೇಳುತ್ತಿತ್ತು.

"ಆ ಫೋಟೋ ನೋಡಿ ನಕ್ಕು ನಕ್ಕು ಸಾಕಾಯ್ತು. ಅವರು ಉಂಡು ಮಾತಾಡದೆ ಮಲಗಿದ್ರು. ಅದಲ್ಲ, ನಾನೊಂದು ಕೇಳ್ತೇನೆ, ನಗಬಾರದು. ನನ್ನ ಮದುವೆ ನಿಶ್ಚಯ ಆದಾಗ ಒಂದು ಬೆಡ್‌ಶೀಟಿಗೆ ಎಂಬ್ರಾಯ್ಡರಿ ಶುರು ಮಾಡಿದ್ದೆ. ಎಂಬತ್ತಾರರಲ್ಲಿ. ನಾಲ್ಕು ಮೂಲೆಯಲ್ಲಿ ನವಿಲು. ಮೂರು ಆಗಿದೆ. ಹಾಸಿಗೆಯ ಅಡಿಯಲ್ಲಿ ಇಟ್ಟದ್ದು ಇವತ್ತು ತೆಗೆದು ನೋಡಿದೆ. ಬಟ್ಟೆ ಸ್ವಲ್ಪ ಹಳದಿ ಆಗಿದೆ ಅಷ್ಟೇ, ದಾರದ ಬಣ್ಣ ಹಾಗೇ ಉಂಟು. ಆ ನವಿಲುನೀಲಿ ದಾರ ಈಗಲೂ ಉಡುಪಿಯಲ್ಲಿ ಸಿಗ್ತದಾ?"

ಮರುದಿನ ಆಫೀಸು ಬಿಟ್ಟು ಬರುವಾಗ ಮೂರು ಅಂಗಡಿ ಹುಡುಕಿದೆ. ಫೋಟೋ ಕಳಿಸಿಕೊಂಡು, ಬೆಳಕಿಗೆ ಹಿಡಿದು ನೋಡಿ, ಹತ್ತಿರ ಹತ್ತಿರ ಅಂತ ಕಂಡ ನಾಲ್ಕು ಲಡಿ ತಗೊಂಡಿದ್ದೇನೆ. ಬರುವ ಆದಿತ್ಯವಾರ ಕಾರ್ಕಳಕ್ಕೆ ಹೋಗ್ತೇನೆ. ಪುಟ್ಟನ ಸ್ವೆಟರೂ ಚೀಲದಲ್ಲಿ ಉಂಟು. ಊಟಕ್ಕೆ ಎಂತ ಮಾಡುವುದು ಅಂತ ಅಕ್ಕ ಕೇಳಿದರು. ಭಾವನ ಹತ್ತಿರ ಪಾರ್ಸೆಲ್ ತರಲಿಕ್ಕೆ ಹೇಳಿ ಅಂದಿದ್ದೇನೆ.